ರಜೆ ಮುಗೀತು, ಮಗು ಇನ್ನೂ ಚಿಕ್ಕದು: ಕೆಲಸಕ್ಕೆ ಹೊರಟ ಹೊಸ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳು ಪುಟ್ಟಿಗೆ ಈಗ ಹದಿನಾಲ್ಕು ತಿಂಗಳು. ಬೆಂಗಳೂರಿನ ವಿಜಯನಗರದಲ್ಲಿ ಮನೆ, ಎಂ.ಜಿ. ರಸ್ತೆ ಹತ್ತಿರ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಅವಳಿಗೆ ಐದು ತಿಂಗಳಾದಾಗ ಆಫೀಸಿಗೆ ವಾಪಸ್ ಹೋದೆ. ಆವತ್ತಿನಿಂದ ಚಿಕ್ಕಮ್ಮನ ಮಗಳು, ಕಾಲೇಜಿನ ಗೆಳತಿ, ಎದುರುಮನೆ ಹುಡುಗಿ, ಆಫೀಸಿನ ಇಬ್ಬರು, ಎಲ್ಲರೂ ಫೋನ್ ಮಾಡಿ ಕೇಳಿದ್ದು ಇವೇ ಪ್ರಶ್ನೆಗಳನ್ನು. ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ. ಬರೆದಿಟ್ಟರೆ ಎಲ್ಲರಿಗೂ ಒಂದೇ ಸಲ ಕಳಿಸಬಹುದಲ್ವಾ ಅಂತ ಕೂತಿದ್ದೇನೆ. ನಾನು ಡಾಕ್ಟರೂ ಅಲ್ಲ, ವಕೀಲಳೂ ಅಲ್ಲ. ನಿಮ್ಮ ಮಗುವಿನ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ.

ರಜೆ ಎಷ್ಟು ದಿನ ಸಿಗುತ್ತದೆ? ಸಂಬಳ ಪೂರ್ತಿ ಬರುತ್ತಾ?

ಮೊದಲ ಎರಡು ಮಕ್ಕಳಿಗೆ 26 ವಾರ, ಸಂಬಳದ ಸಮೇತ. ಮೂರನೆಯದಾದರೆ 12 ವಾರ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗ 12 ವಾರ ಇದ್ದದ್ದು 26 ಆಯಿತು. ಈಗ ಆ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ, ವಾರದ ಲೆಕ್ಕ ಮಾತ್ರ ಅದೇ. ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಕಟ್ಟುತ್ತಿದ್ದರೆ ದುಡ್ಡು ಕಂಪನಿಯಿಂದಲ್ಲ, ಇಎಸ್‌ಐನಿಂದ ಬರುತ್ತದೆ. ರಾಜ್ಯ ಸರ್ಕಾರಿ ನೌಕರರಿಗೆ 180 ದಿನ.

ಎಚ್.ಆರ್. ಹತ್ತಿರ ಬಾಯಿಮಾತಲ್ಲಿ ಏನೇ ಮಾತಾಡಿದರೂ ಆಮೇಲೆ ಅದನ್ನೇ ಒಂದು ಮೇಲ್‌ನಲ್ಲಿ ಬರೆದು ಕಳಿಸಿ. ಆರು ತಿಂಗಳಾದ ಮೇಲೆ ಆ ಸೀಟಿನಲ್ಲಿ ಬೇರೆಯವರು ಕೂತಿರುತ್ತಾರೆ.

ಹೆರಿಗೆಗೆ ಎಷ್ಟು ದಿನ ಮುಂಚೆ ರಜೆ ಹಾಕಲಿ?

ಎಂಟು ವಾರದವರೆಗೂ ಮುಂಚೆ ತಗೋಬಹುದು. ನಾನು ನಾಲ್ಕು ವಾರ ತಗೊಂಡೆ. ಮುಂಚೆ ತಗೊಂಡ ಪ್ರತಿ ವಾರವೂ ಆಮೇಲೆ ಮಗುವಿನ ಜೊತೆ ಇರುವ ಒಂದು ವಾರವನ್ನು ತಿನ್ನುತ್ತದೆ ಅನ್ನೋದು ನನ್ನ ಲೆಕ್ಕವಾಗಿತ್ತು. ಆದರೆ ಕೊನೇ ಹದಿನೈದು ದಿನ ಕಾಲು ಊದಿ ಚಪ್ಪಲಿಯೇ ಹಿಡಿಸುತ್ತಿರಲಿಲ್ಲ. ನಿಮ್ಮ ದೇಹ ನೋಡಿಕೊಂಡು ತೀರ್ಮಾನ ಮಾಡಿ. ದಿನ ತುಂಬುವ ಮುಂಚೆ ಹೆರಿಗೆಯಾದರೆ ಅಥವಾ ಹೆರಿಗೆಯಿಂದ ಕಾಯಿಲೆ ಬಿದ್ದರೆ, ಸರ್ಟಿಫಿಕೇಟ್ ಕೊಟ್ಟು ಇನ್ನೊಂದು ತಿಂಗಳವರೆಗೆ ಸಂಬಳದ ರಜೆ ಕೇಳಬಹುದು. ಇದು ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ.

ರಜೆಯಲ್ಲಿರುವಾಗ ಕೆಲಸದಿಂದ ತೆಗೆದುಹಾಕಿದರೆ?

ಹಾಗೆ ತೆಗೆಯುವಂತಿಲ್ಲ. ಸಂಬಳ, ಷರತ್ತುಗಳನ್ನು ನಿಮಗೆ ನಷ್ಟವಾಗುವ ಹಾಗೆ ಬದಲಾಯಿಸುವಂತೆಯೂ ಇಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಮಗುವನ್ನು ಯಾರ ಹತ್ತಿರ ಬಿಡುವುದು? ಅಮ್ಮನಾ, ಅತ್ತೆಯಾ, ಆಯಾನಾ, ಕ್ರೆಷ್ಷಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಒಬ್ಬರ ಮೇಲೇ ಪೂರ್ತಿ ಭಾರ ಹಾಕಬೇಡಿ ಅನ್ನೋದಷ್ಟೇ ನಾನು ಕಲಿತದ್ದು.

ನಮ್ಮಮ್ಮ ತಿಪಟೂರಿನಿಂದ ಬಂದು ಪುಟ್ಟಿಗೆ ಎಂಟು ತಿಂಗಳಾಗುವವರೆಗೂ ಇದ್ದರು. ಆಮೇಲೆ ತೋಟದಲ್ಲಿ ಕಾಯಿ ಕೀಳಿಸಬೇಕಿತ್ತು, ಅಪ್ಪ ಒಬ್ಬರೇ ಇದ್ದರು, ಹೋದರು. ಅತ್ತೆ ಮೂರು ತಿಂಗಳು ನೋಡಿಕೊಂಡರು. ಅವರಿಗೆ ಮಂಡಿ ನೋವು. ಅಂಬೆಗಾಲಿಟ್ಟು ಓಡುವ ಮಗುವಿನ ಹಿಂದೆ ಬಗ್ಗಿ ಬಗ್ಗಿ ಓಡುವುದು ಅವರಿಗೆ ಆಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳಲೂ ಇಲ್ಲ. ಒಂದು ಸಂಜೆ ನಾನು ಬಂದಾಗ ಮಂಡಿಗೆ ನೋವಿನ ಎಣ್ಣೆ ಹಚ್ಚಿಕೊಂಡು, ಕಾಲು ಚಾಚಿ, ಮಗುವನ್ನು ಸೀರೆ ಸೆರಗಿಗೆ ಗಂಟು ಹಾಕಿಕೊಂಡು ಕೂತಿದ್ದರು. ಎದ್ದು ಓಡಬಾರದು ಅಂತ. ಆವತ್ತು ರಾತ್ರಿಯೇ ಕ್ರೆಷ್ ಹುಡುಕಲು ಶುರು ಮಾಡಿದೆವು.

ಕ್ರೆಷ್ ನೋಡಲು ಬೆಳಿಗ್ಗೆ ಹೋಗಬೇಡಿ. ಬೆಳಿಗ್ಗೆ ಎಲ್ಲ ಕಡೆಯೂ ಫಿನಾಯಿಲ್ ಹಾಕಿ ಒರೆಸಿರುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ, ಹೇಳದೆ ಕೇಳದೆ ಹೋಗಿ. ಡೈಪರ್ ಬದಲಾಯಿಸುವ ಜಾಗ ಎಲ್ಲಿದೆ, ಆಮೇಲೆ ಕೈ ತೊಳೆಯುವ ನಲ್ಲಿ ಎಷ್ಟು ದೂರ ಇದೆ ನೋಡಿ. ಮಲಗಿದ ಮಕ್ಕಳ ಹತ್ತಿರ ಯಾರಾದರೂ ಕೂತಿದ್ದಾರಾ ನೋಡಿ. ನೋಡಿಕೊಳ್ಳುವ ಆಕೆ ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಗೋಡೆ ಮೇಲೆ ಬರೆದ ಕಾರ್ಟೂನು ಎಷ್ಟು ಚೆನ್ನಾಗಿದ್ದರೂ ತಿಂಗಳಿಗೊಬ್ಬರು ಬದಲಾಗುತ್ತಿದ್ದರೆ ಬೇಡ.

ನಿಮ್ಮ ಕಂಪನಿಯಲ್ಲಿ 50 ಅಥವಾ ಜಾಸ್ತಿ ಜನ ಇದ್ದರೆ ಕ್ರೆಷ್ ಸೌಲಭ್ಯ ಕೊಡಬೇಕು ಅಂತ ಕಾನೂನಿದೆ, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರುವ ಅವಕಾಶವೂ ಇದೆ. ಕೇಳಿ. ಕೇಳಿದ ಮಾತ್ರಕ್ಕೆ ಕೊಟ್ಟುಬಿಡುತ್ತಾರೆ ಅಂತ ನಾನು ಹೇಳಲ್ಲ. ನಾಲ್ಕು ಜನ ಸೇರಿ ಕೇಳಿದರೆ ಸ್ವಲ್ಪ ಬೇಗ ಕಿವಿ ಕೇಳಿಸುತ್ತದೆ.

ಅಮ್ಮ, ಅತ್ತೆ ಮಾಡುವ ರೀತಿ ನನಗೆ ಹಿಡಿಸಲ್ಲ. ಹೇಗೆ ಹೇಳುವುದು?

ಎರಡು ಪಟ್ಟಿ ಮಾಡಿಕೊಳ್ಳಿ. ಒಂದು, ಪ್ರಾಣಕ್ಕೆ ಸಂಬಂಧಪಟ್ಟದ್ದು. ಇನ್ನೊಂದು, ಬರೀ ನಿಮ್ಮ ಇಷ್ಟಕ್ಕೆ ಸಂಬಂಧಪಟ್ಟದ್ದು.

ಮೊದಲನೆಯದರಲ್ಲಿ ರಾಜಿ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನಾಲಿಗೆಗೆ ನೆಕ್ಕಿಸುವಂತಿಲ್ಲ. ಅದರಲ್ಲಿ ಬರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಎಳೆ ಮಕ್ಕಳಿಗೆ ಬಾಟ್ಯುಲಿಸಂ ಅನ್ನುವ ಕಾಯಿಲೆ ಬರುತ್ತದೆ, ಮೈ ಸೋತು ಉಸಿರಾಟಕ್ಕೇ ತೊಂದರೆಯಾಗಬಹುದು. ಆರು ತಿಂಗಳವರೆಗೆ ನೀರೂ ಬೇಡ, ಬೇಸಿಗೆಯಲ್ಲೂ ಬೇಡ, ಎದೆಹಾಲಿನಲ್ಲೇ ಬೇಕಾದಷ್ಟು ನೀರಿರುತ್ತದೆ. ಕಣ್ಣಿಗೆ ಕಾಡಿಗೆ, ಮೂಗು ಕಿವಿಗೆ ಎಣ್ಣೆ ಬೇಡ. ಸಾಂಬ್ರಾಣಿ ಹೊಗೆಯನ್ನು ಮಗುವಿನ ಮುಖಕ್ಕೆ ಹಿಡಿಯುವುದು ಬೇಡ.

ಎರಡನೆಯದು? ಬಿಟ್ಟುಬಿಡಿ. ನಮ್ಮಮ್ಮ ಪುಟ್ಟಿಗೆ ದಿನಾ ದೃಷ್ಟಿಬೊಟ್ಟು ಇಡುತ್ತಿದ್ದರು, ನಾನು ಕೆನ್ನೆಗೆ ಬೇಡ ಅಂದೆ, ಅಂಗಾಲಿಗೆ ಇಟ್ಟರು. ಅತ್ತೆ ಸೀರೆ ಜೋಲಿಯಲ್ಲಿ ಮಲಗಿಸುತ್ತಿದ್ದರು, ನನಗೆ ತೊಟ್ಟಿಲೇ ಇಷ್ಟ. ನಾನು ಇಲ್ಲದ ಹತ್ತು ಗಂಟೆ ಮಗು ಅವರ ಕೈಯಲ್ಲಿರುತ್ತದೆ. ಆ ಹತ್ತು ಗಂಟೆ ಅವರ ಹಾಡು, ಅವರ ರೀತಿ, ಅವರ ಹೊತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಮಧ್ಯಾಹ್ನ ಮೂರು ಸಲ ವಿಡಿಯೋ ಕಾಲ್ ಮಾಡಿ "ಅಮ್ಮಾ, ಟೋಪಿ ಯಾಕೆ ತೆಗೆದೆ?" ಅಂತ ಜಗಳ ಆಡುತ್ತಿದ್ದೆ. ಒಂದು ದಿನ ಅಮ್ಮ ಫೋನನ್ನು ಅಕ್ಕಿ ಡಬ್ಬಿ ಮೇಲೆ ಮಗ್ಗುಲಾಗಿ ಇಟ್ಟು ಹೋಗಿಬಿಟ್ಟರು. ನನಗೆ ಕಾಣಿಸಿದ್ದು ಬರೀ ಸೀಲಿಂಗ್ ಫ್ಯಾನು. ಮಗು ನಗುವ ಸದ್ದು ಮಾತ್ರ ಕೇಳುತ್ತಿತ್ತು.

ಮೊದಲ ದಿನ ಹೇಗಿರುತ್ತದೆ?

ಸಾಧ್ಯವಾದರೆ ಸೋಮವಾರ ಬೇಡ. ನಾನು ಗುರುವಾರ ಶುರು ಮಾಡಿದೆ, ಎರಡು ದಿನ ಹೋದರೆ ವಾರಾಂತ್ಯ ಬಂತು. ಅದಕ್ಕೂ ಮುಂಚೆ ಒಂದು ವಾರ ಸುಮ್ನೆ ಮನೆಯಿಂದ ಹೊರಗೆ ಹೋಗಿ ಬರುವ ಅಭ್ಯಾಸ ಮಾಡಿ. ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಆಮೇಲೆ ಅರ್ಧ ದಿನ.

ಮಗುವಿನ ಕಣ್ಣು ತಪ್ಪಿಸಿ ಓಡಿ ಹೋಗಬೇಡಿ. "ಹೋಗಿಬರ್ತೀನಿ ಕಂದಾ" ಅಂತ ಹೇಳಿಯೇ ಹೋಗಿ. ಅಳುತ್ತದೆ, ಅಳಲಿ. ಹೇಳದೆ ಮಾಯವಾದರೆ ಆಮೇಲೆ ನೀವು ಬಚ್ಚಲುಮನೆಗೆ ಹೋದರೂ ಅಳುತ್ತದೆ. ಇದು ನಮ್ಮ ಮನೆಯಲ್ಲೇ ಆಗಿದ್ದು.

ಮೆಟ್ರೋದಲ್ಲಿ ಮೆಜೆಸ್ಟಿಕ್ ಹತ್ತಿರ ಯಾರದೋ ಮಗು ಅತ್ತಿತು. ನನಗೆ ಹಾಲು ಸೋರಿತು. ಮಗುವಿನ ಅಳು ಕೇಳಿದರೆ, ಮಗುವನ್ನು ನೆನೆಸಿಕೊಂಡರೂ ಸಾಕು, ಹಾಲು ಇಳಿಯುತ್ತದೆ, ಅದು ದೇಹದ ಗುಣ. ದುಪಟ್ಟಾ ಎದೆ ಮೇಲೆ ಹರಡಿಕೊಂಡು ಎಂ.ಜಿ. ರಸ್ತೆವರೆಗೂ ನಿಂತೆ. ಎದೆಗೆ ಹಾಲು ಹೀರುವ ಪ್ಯಾಡ್ ಹಾಕಿಕೊಳ್ಳಿ, ಬ್ಯಾಗಿನಲ್ಲಿ ಇನ್ನೊಂದು ಜೊತೆ ಇರಲಿ.

ಆಫೀಸಿನಲ್ಲಿ ಹಾಲು ಎಲ್ಲಿ ತೆಗೆಯುವುದು? ಬ್ರೇಕ್ ಕೊಡುತ್ತಾರಾ?

ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕಾನೂನಿನಲ್ಲೇ ಇದೆ, ಊಟದ ಬಿಡುವು ಬೇರೆ. ಅದನ್ನೇ ಹಾಲು ತೆಗೆಯಲು ಬಳಸಿಕೊಳ್ಳಿ. ಟಾಯ್ಲೆಟ್‌ನಲ್ಲಿ ಮಾತ್ರ ತೆಗೆಯಬೇಡಿ. ನಿಮ್ಮ ಊಟದ ಡಬ್ಬಿಯನ್ನು ಅಲ್ಲಿ ಬಿಚ್ಚುತ್ತೀರಾ? ಇದೂ ಊಟವೇ.

ನಮ್ಮಲ್ಲಿ ಪ್ರತ್ಯೇಕ ರೂಮು ಇರಲಿಲ್ಲ. ಕೇಳಿದ್ದಕ್ಕೆ ರೆಕಾರ್ಡ್ ರೂಮಿನ ಬೀಗದ ಕೈ ಕೊಟ್ಟರು. ಹಳೇ ವೋಚರು, ಫೈಲು, ಧೂಳು, ಒಂದು ಮುರಿದ ಕುರ್ಚಿ. ನಾನೇ ಒರೆಸಿ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡೆ. ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ, ಇಪ್ಪತ್ತು ನಿಮಿಷ. ಆಡಿಟ್ ಸಮಯದಲ್ಲಿ ಒಂದು ದಿನ ಆಡಿಟರ್ ಬಂದು ಬಾಗಿಲು ತಟ್ಟಿ, "ಮೇಡಂ, 2019ರ ಬ್ಯಾಂಕ್ ಫೈಲು ಬೇಕಿತ್ತು" ಅಂದರು. ಪಂಪು ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ಫೈಲು ಹುಡುಕಿ, ಬಾಗಿಲು ನಾಲ್ಕು ಬೆರಳು ತೆಗೆದು ಕೊಟ್ಟೆ. ಪಾಪ, ಅವರು ಥ್ಯಾಂಕ್ಸ್ ಹೇಳಿ ಹೋದರು. ಆಮೇಲೆ ಕ್ಯಾಲೆಂಡರಿನಲ್ಲಿ ಆ ಎರಡೂ ಹೊತ್ತನ್ನು "ಬ್ಯುಸಿ" ಅಂತ ಹಾಕಿಟ್ಟೆ.

ಪಂಪು ಯಾವುದು ಅಂತ ಕೇಳುತ್ತೀರಿ. ದಿನಾ ತೆಗೆಯುವವರಿಗೆ ಕರೆಂಟಿನದು ಅಥವಾ ಬ್ಯಾಟರಿಯದು ಒಳ್ಳೆಯದು, ಕೈ ಸೋಲುವುದಿಲ್ಲ. ಅಪರೂಪಕ್ಕೆ ಬೇಕಾದವರಿಗೆ ಕೈಪಂಪು ಸಾಕು. ಕೈಯಿಂದಲೇ ಹಿಂಡುವುದನ್ನೂ ಆಸ್ಪತ್ರೆಯಲ್ಲಿ ನರ್ಸ್ ಹತ್ತಿರ ಕಲಿತುಕೊಳ್ಳಿ. ಚಾರ್ಜ್ ಮುಗಿದ ದಿನ ಅದೇ ಕಾಪಾಡುತ್ತದೆ.

ತೆಗೆದ ಹಾಲು ಎಷ್ಟು ಹೊತ್ತು ಇಡಬಹುದು?

25 ಡಿಗ್ರಿವರೆಗಿನ ತಣ್ಣನೆಯ ಕೋಣೆಯಲ್ಲಿ ನಾಲ್ಕು ಗಂಟೆ. ಫ್ರಿಜ್ಜಿನಲ್ಲಿ ನಾಲ್ಕು ದಿನ. ಫ್ರೀಜರಿನಲ್ಲಿ ಆರು ತಿಂಗಳೊಳಗೆ ಬಳಸಿದರೆ ಒಳ್ಳೆಯದು. ಐಸ್ ಪ್ಯಾಕ್ ಇಟ್ಟ ಕೂಲ್ ಬ್ಯಾಗಿನಲ್ಲಿ 24 ಗಂಟೆ. ಫ್ರೀಜರಿನಿಂದ ತೆಗೆದು ಕರಗಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಗಟ್ಟಿ ಮಾಡುವಂತಿಲ್ಲ. ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯೊಳಗೆ ಕುಡಿಸಿ, ಇಲ್ಲ ಚೆಲ್ಲಿ. ನಾನು ವಾಪಸ್ ಹೋದದ್ದು ಮಾರ್ಚಿನಲ್ಲಿ, ಬೆಂಗಳೂರು ಕಾದ ಹೆಂಚಾಗಿತ್ತು. ಹೊರಗಿಡುವ ಯೋಚನೆಯನ್ನೇ ಮಾಡಲಿಲ್ಲ, ತೆಗೆದ ತಕ್ಷಣ ಪ್ಯಾಂಟ್ರಿಯ ಫ್ರಿಜ್ಜಿಗೆ.

ಬೆಚ್ಚಗೆ ಮಾಡಲು ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಡಿ. ಒಲೆ ಮೇಲೆ ಕಾಯಿಸಬೇಡಿ, ಮೈಕ್ರೋವೇವ್ ಬೇಡವೇ ಬೇಡ.

ಫ್ರಿಜ್ಜಿನಲ್ಲಿಟ್ಟ ಹಾಲಿನಲ್ಲಿ ಕೆನೆ ಮೇಲೆ, ತಿಳಿ ಕೆಳಗೆ ಆಗುತ್ತದೆ. ಕೆಲವರ ಹಾಲು ಸೋಪಿನ ಹಾಗೆ ವಾಸನೆ ಬರುತ್ತದೆ. ಎರಡೂ ಕೆಟ್ಟದ್ದರ ಗುರುತಲ್ಲ, ಮೆಲ್ಲಗೆ ಅಲ್ಲಾಡಿಸಿದರೆ ಕೆನೆ ಬೆರೆಯುತ್ತದೆ. ಇದನ್ನು ಮನೆಯವರಿಗೆ ಮುಂಚೆಯೇ ಹೇಳಿ. ನಾನು ಹೇಳಿರಲಿಲ್ಲ. ಅಮ್ಮ "ಹಾಲು ಒಡೆದಿದೆ ಕಣೇ" ಅಂತ 120 ಎಂ.ಎಲ್. ಸಿಂಕಿಗೆ ಸುರಿದರು. ರೆಕಾರ್ಡ್ ರೂಮಿನ ಇಡೀ ದಿನದ ಸಂಪಾದನೆ. ನಾನು ಅತ್ತಿದ್ದು ನೋಡಿ ಅಮ್ಮನೂ ಅತ್ತರು.

ಬಾಟಲಿಯಾ, ಒಳಲೆಯಾ?

ಆಸ್ಪತ್ರೆಯಲ್ಲಿ ನರ್ಸುಗಳು ಪಲಡೈ ಅನ್ನುತ್ತಾರೆ, ನಮ್ಮಮ್ಮ ಒಳಲೆ ಅನ್ನುತ್ತಾರೆ. ಮುಂದೆ ಕೊಕ್ಕಿರುವ ಪುಟ್ಟ ಬಟ್ಟಲು. ನನ್ನದು ನಾನೇ ಕುಡಿದ ಬೆಳ್ಳಿ ಒಳಲೆ, ಅಜ್ಜಿ ಕೊಡಿಸಿದ್ದು, ಬುಡದಲ್ಲಿ ಸ್ವಲ್ಪ ನೆಗ್ಗಿದೆ. ತೊಳೆಯುವುದು ಸುಲಭ, ನಿಪ್ಪಲ್ ಇಲ್ಲ, ಕೊಳೆ ಕೂರುವ ಸಂದಿ ಇಲ್ಲ, ಎದೆ ಬಿಟ್ಟು ಬಾಟಲಿಗೆ ಒಗ್ಗಿಕೊಳ್ಳುವ ಕಾಟವೂ ಇಲ್ಲ. ಮಗುವನ್ನು ತಲೆ ಎತ್ತಿ ಕೂರಿಸಿಕೊಂಡು, ತುಟಿಯ ಅಂಚಿಗೆ ಇಟ್ಟು, ಅದು ನೆಕ್ಕಿಕೊಳ್ಳುವಷ್ಟು ಮಾತ್ರ ಬಗ್ಗಿಸಬೇಕು. ಗಂಟಲಿಗೆ ಸುರಿದರೆ ನೆತ್ತಿಗೇರುತ್ತದೆ.

ಕ್ರೆಷ್‌ನಲ್ಲಿ ಇಷ್ಟು ತಾಳ್ಮೆ ಇರಲ್ಲ, ಅಲ್ಲಿ ಬಾಟಲಿಯೇ ಕೇಳುತ್ತಾರೆ. ಪುಟ್ಟಿ ಹನ್ನೊಂದು ತಿಂಗಳಿಗೆ ಅಲ್ಲಿಗೆ ಹೋದಾಗ ಲೋಟಕ್ಕೇ ಒಗ್ಗಿದ್ದಳು, ನಾವು ಬಚಾವಾದೆವು.

ಪುಡಿ ಹಾಲು ಕೊಟ್ಟರೆ ತಪ್ಪಾ?

ತಪ್ಪು ಗಿಪ್ಪು ಅನ್ನುವ ಮಾತು ಬೇಡ. ಮೊದಲ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷ ಮತ್ತು ಅದಕ್ಕೂ ಮೇಲೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಗುವಷ್ಟು ಮಾಡಿ. ಆಗದಿದ್ದರೆ ಡಾಕ್ಟರನ್ನು ಕೇಳಿ ಫಾರ್ಮುಲಾ, ಅಂದರೆ ಎಳೆ ಮಕ್ಕಳಿಗೆಂದೇ ಮಾಡಿದ ಪುಡಿ ಹಾಲು ಕೊಡಿ. ಕುದಿಸಿದ ನೀರು, ಡಬ್ಬಿಯ ಮೇಲೆ ಬರೆದ ಅಳತೆ, ಅದಕ್ಕಿಂತ ಒಂದು ಚಮಚ ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ದುಡ್ಡು ಉಳಿಸಲು ನೀರಾಗಿ ಕಲಸುವುದು ಮಗುವಿಗೆ ಅಪಾಯ. ವರ್ಷ ತುಂಬುವ ಮುಂಚೆ ಎದೆಹಾಲಿನ ಬದಲಿಗೆ ಹಸುವಿನ ಹಾಲು ಬೇಡ.

ಅಂದಹಾಗೆ, ಟಿವಿಯಲ್ಲಿ ಫಾರ್ಮುಲಾ ಜಾಹೀರಾತು ಯಾಕೆ ಬರಲ್ಲ ಅಂತ ಯೋಚಿಸಿದ್ದೀರಾ? 1992ರ ಕಾನೂನು ಅದನ್ನು ನಿಷೇಧಿಸಿದೆ.

ಎದೆ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಜ್ವರ ಬಂದಿದೆ. ಕುಡಿಸುವುದು ನಿಲ್ಲಿಸಲಾ?

ನಿಲ್ಲಿಸಬೇಡಿ. ಹಾಲು ಒಳಗೇ ನಿಂತರೆ ಇನ್ನೂ ಕಷ್ಟ. ಮೀಟಿಂಗ್ ಅಂತ ಒಂದು ಹೊತ್ತು ತಪ್ಪಿಸಿದ್ದಕ್ಕೆ ನನಗೂ ಹೀಗೆ ಹಾಲು ಕಟ್ಟಿಕೊಂಡಿತ್ತು. ಕುಡಿಸಿ, ಆಮೇಲೆ ತಣ್ಣನೆ ಬಟ್ಟೆ ಇಟ್ಟುಕೊಳ್ಳಿ. ಒಂದು ಜಾಗ ಕೆಂಪಾಗಿ, ಜ್ವರ ಚಳಿ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಹಾಲು ಕಡಿಮೆಯಾಗಿದೆ ಅಂತ ಅನ್ನಿಸಿದರೂ ಅಷ್ಟೇ. ಮಗು ಜಾಸ್ತಿ ಸಲ ಕುಡಿದಷ್ಟೂ, ನೀವು ತೆಗೆದಷ್ಟೂ ಹಾಲು ಬರುತ್ತದೆ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಂತ್ಯದ ಗಂಜಿ ತಿನ್ನಿ, ರುಚಿಯಾಗಿರುತ್ತದೆ. ಆದರೆ ಪಂಪಿನ ಬಾಟಲಿ ನೋಡಿ ಅಳತೆ ಹಾಕಬೇಡಿ. ಮಗು ಎಳೆಯುವಷ್ಟು ಯಂತ್ರ ಎಳೆಯಲ್ಲ. ದಿನಕ್ಕೆ ಆರೇಳು ಸಲ ಚೆನ್ನಾಗಿ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಅಂತ.

ರಾಗಿ ಸರಿ ಯಾವಾಗ ಶುರು? ಕೆಲಸದ ನಡುವೆ ಮಾಡುವುದು ಹೇಗೆ?

ಆರು ತಿಂಗಳು ತುಂಬಿದ ಮೇಲೆ. ಆ ಹೊತ್ತಿಗೆ ಹುಟ್ಟುವಾಗ ತಂದ ಕಬ್ಬಿಣದ ಅಂಶ ಮುಗಿಯುತ್ತಾ ಬಂದಿರುತ್ತದೆ, ಬರೀ ಹಾಲು ಸಾಲುವುದಿಲ್ಲ.

ಭಾನುವಾರದ ಕೆಲಸ ಇದು. ಎರಡು ಕೆ.ಜಿ. ರಾಗಿಯನ್ನು ಕಲ್ಲು ಮಣ್ಣು ಹೋಗುವ ಹಾಗೆ ಐದಾರು ನೀರಲ್ಲಿ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡಿ. ಒಂದೂವರೆ ದಿನಕ್ಕೆ ಬಿಳೀ ಮೊಳಕೆ ಗಂಟಿನ ಬಟ್ಟೆಯಿಂದ ಇಣುಕುತ್ತದೆ. ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ ಅನ್ನುವಷ್ಟು ಹುರಿದು, ಮಿಲ್ಲಿಗೆ ಕೊಡಿ. ಮಿಲ್ಲಿನವನಿಗೆ "ಮಗುವಿಗೆ" ಅಂತ ಹೇಳಿ. ನಮ್ಮ ಬೀದಿಯವನು ಖಾರದಪುಡಿ ಬೀಸಿದ ಕೂಡಲೇ ನಮ್ಮ ರಾಗಿ ಹಾಕಿಬಿಟ್ಟಿದ್ದ, ಆ ಎರಡು ಕೆ.ಜಿ. ಹಿಟ್ಟು ನಾವೇ ಮುದ್ದೆ ಮಾಡಿ ತಿಂದೆವು. ಹಿಟ್ಟನ್ನು ಹಳೇ ತೆಳ್ಳನೆ ಪಂಚೆಯಲ್ಲಿ ಜರಡಿ ಹಿಡಿದರೆ ಮುಟ್ಟಿದರೆ ಪೌಡರಿನ ಹಾಗಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ.

ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಬೇಯಿಸಿದರೆ ಮುಗೀತು. ಬಣ್ಣ ತಿರುಗಿ ಹೊಳಪು ಬರಬೇಕು. ಚಮಚ ಓರೆ ಮಾಡಿದರೆ ಜಾರದೆ ನಿಧಾನಕ್ಕೆ ಬೀಳಬೇಕು, ನೀರು ನೀರಾಗಿದ್ದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಇರಲ್ಲ. ವರ್ಷದೊಳಗೆ ಉಪ್ಪು, ಸಕ್ಕರೆ ಬೇಡ. ಬೆಲ್ಲವೂ ಸಕ್ಕರೆಯೇ, ಅಜ್ಜಿಯಂದಿರ ಕ್ಷಮೆ ಕೇಳಿ ಹೇಳುತ್ತಿದ್ದೇನೆ. ಒಂದು ಹನಿ ತುಪ್ಪ ಹಾಕಿ. ಮೊದಲು ದಿನಕ್ಕೆ ಒಂದೋ ಎರಡೋ ಚಮಚ, ಆಮೇಲೆ ನಿಧಾನಕ್ಕೆ ದಿನಕ್ಕೆ ಎರಡು ಮೂರು ಹೊತ್ತು. ರಾಗಿಯೊಂದನ್ನೇ ನಂಬಬೇಡಿ, ಬೇಳೆ ಕಟ್ಟು, ಹಿಸುಕಿದ ಅನ್ನ, ಬಾಳೆಹಣ್ಣು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಎಲ್ಲಾ ಒಂದೊಂದಾಗಿ ಬರಲಿ.

ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಕೆಲಸ ಹೇಗೆ ಮಾಡುವುದು?

ಕೆಟ್ಟದಾಗಿ ಮಾಡುವುದು. ನಿಜ ಹೇಳುತ್ತಿದ್ದೇನೆ. ಮೊದಲ ಎರಡು ತಿಂಗಳು ನಾನು ಪ್ರತಿ ಮೊತ್ತವನ್ನೂ ಎರಡು ಸಲ ಕೂಡಿಸುತ್ತಿದ್ದೆ. ಮುಖ್ಯ ಲೆಕ್ಕವೆಲ್ಲ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನಕ್ಕೆ ಫೈಲಿಂಗ್‌ನಂಥ ತಲೆ ಓಡಿಸದ ಕೆಲಸ ಇಟ್ಟುಕೊಂಡೆ.

ಮನೆಯಲ್ಲಿ ಪಾಳಿ ಮಾಡಿಕೊಳ್ಳಿ. ರಾತ್ರಿ ಹತ್ತರಿಂದ ಎರಡರವರೆಗೆ ಗಂಡ, ಆಮೇಲೆ ನೀವು. ನಾನು ತೆಗೆದಿಟ್ಟ ಹಾಲನ್ನು ಅವರು ಒಳಲೆಯಲ್ಲಿ ಕುಡಿಸಿ ತೇಗಿಸಿ ಮಲಗಿಸುತ್ತಿದ್ದರು. ಸತತ ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಬೆಳಿಗ್ಗೆ ಮನುಷ್ಯಳಾಗಿರುತ್ತೀರಿ.

ಗಂಡ "ನಾನೂ ಹೆಲ್ಪ್ ಮಾಡ್ತೀನಿ" ಅನ್ನುತ್ತಾರೆ. ಏನು ಹೇಳಲಿ?

ಹೆಲ್ಪ್ ಬೇಡ, ಕೆಲಸ ಹಂಚಿಕೊಳ್ಳಿ ಅಂತ ಹೇಳಿ. ನಮ್ಮಲ್ಲಿ ಲಸಿಕೆ ಮತ್ತು ಡಾಕ್ಟರು ಪೂರ್ತಿ ಅವರದು. ದಿನಾಂಕ ನೆನಪಿಡುವುದು, ತಾಯಿ ಕಾರ್ಡ್ ತಗೊಂಡು ಹೋಗುವುದು, ರಾತ್ರಿ ಜ್ವರ ನೋಡುವುದು, ಎಲ್ಲಾ. ನಾನು ನೆನಪಿಸಬೇಕಾದರೆ ಅದು ಅವರ ಕೆಲಸ ಹೇಗಾಗುತ್ತದೆ? ಅವರು ಡೈಪರ್ ಹಿಂದುಮುಂದಾಗಿ ಹಾಕಿದಾಗ ನಾಲಿಗೆ ಕಚ್ಚಿಕೊಂಡೆ. ಸೋರಿದ್ದನ್ನು ಅವರೇ ಒರೆಸಿದರು, ಮಾರನೇ ದಿನ ಸರಿಯಾಗಿ ಹಾಕಿದರು.

ಲಸಿಕೆ ಯಾವಾಗ? ಜ್ವರ ಬಂದರೆ?

ಸರ್ಕಾರಿ ಪಟ್ಟಿಯಲ್ಲಿ ಹುಟ್ಟಿದ ಕೂಡಲೇ, ಆಮೇಲೆ 6, 10, 14 ವಾರಕ್ಕೆ, ಆಮೇಲೆ 9 ತಿಂಗಳು ತುಂಬಿದಾಗ ಇದೆ. ಅಂದರೆ ಮೊದಲಿನವು ರಜೆಯಲ್ಲೇ ಮುಗಿಯುತ್ತವೆ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಸಾಧ್ಯವಾದರೆ ಮಾರನೇ ದಿನ ರಜೆ ಇರುವ ಹಾಗೆ ಹಾಕಿಸಿ, ಮೈ ಬಿಸಿಯಾಗಿ ಕಿರಿಕಿರಿ ಮಾಡಬಹುದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ.

ಕ್ರೆಷ್‌ಗೆ ಸೇರಿಸಿದ ಮೊದಲ ತಿಂಗಳುಗಳಲ್ಲಿ ಒಂದು ನೆಗಡಿ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ನಿಮ್ಮ ರಜೆಗಳನ್ನು ಅದಕ್ಕೆ ಉಳಿಸಿಕೊಳ್ಳಿ.

ಸಂಜೆ ಐದೂವರೆಗೆ ಎದ್ದು ಹೊರಟರೆ "ಏನ್ ಮೇಡಂ, ಹಾಫ್ ಡೇನಾ?" ಅನ್ನುತ್ತಾರೆ.

ನಗುತ್ತಾ "ಹೌದು, ಇನ್ನರ್ಧ ಮನೇಲಿ" ಅನ್ನಿ. ಹೊರಡಿ.

ಹಾಲು ಕುಡಿಸುವಾಗ ಗರ್ಭ ನಿಲ್ಲಲ್ಲ ಅನ್ನುತ್ತಾರೆ, ನಿಜವಾ?

ಮೂರೂ ಒಟ್ಟಿಗೆ ಇದ್ದರೆ ಮಾತ್ರ ಬಹುಮಟ್ಟಿಗೆ ನಿಜ: ಮಗುವಿಗೆ ಆರು ತಿಂಗಳು ಆಗಿರಬಾರದು, ಮುಟ್ಟು ಮತ್ತೆ ಶುರುವಾಗಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಆಫೀಸಿಗೆ ಹೊರಟ ಮೇಲೆ ಕುಡಿಸುವ ನಡುವಿನ ಅಂತರ ಜಾಸ್ತಿಯಾಗುತ್ತದೆ, ಇದನ್ನು ನಂಬುವಂತಿಲ್ಲ. ಗರ್ಭ ತಡೆಯುವ ಕಾಪರ್ ಟಿ, ಛಾಯಾ ಮಾತ್ರೆ, ಅಂತರಾ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತವೆ. ಯಾವುದು ನಿಮಗೆ ಸರಿ ಅಂತ ರಜೆ ಮುಗಿಯುವ ಮುಂಚೆಯೇ ಡಾಕ್ಟರನ್ನು ಕೇಳಿ.

ಕೂದಲು ಹಿಡಿ ಹಿಡಿ ಉದುರುತ್ತಿದೆ!

ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಬಹಳ ಜನಕ್ಕೆ ಉದುರುತ್ತದೆ. ಮತ್ತೆ ಬರುತ್ತದೆ. ಎಣ್ಣೆಗೆ ದುಡ್ಡು ಸುರಿಯಬೇಡಿ.

ಸುಮ್ಮಸುಮ್ಮನೆ ಅಳು ಬರುತ್ತದೆ. ಇದು ಸರಿನಾ?

ಹೆರಿಗೆಯಾದ ಮೊದಲ ಎರಡು ವಾರ ಬಹಳ ಜನಕ್ಕೆ ಹೀಗಾಗುತ್ತದೆ, ತಾನೇ ಇಳಿಯುತ್ತದೆ. ಎರಡು ವಾರ ದಾಟಿದರೂ ಮಂಕು ಕವಿದೇ ಇದ್ದರೆ, ಮಗು ಮಲಗಿದ್ದರೂ ನಿಮಗೆ ನಿದ್ದೆ ಬರದಿದ್ದರೆ, ಯಾವುದೂ ಬೇಡ ಅನ್ನಿಸಿದರೆ, ನನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ, ಅದು ಕಾಯಿಲೆ, ಔಷಧಿ ಇದೆ. ಟೆಲಿ ಮನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಆವತ್ತೇ ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ. "ಬಾಣಂತಿ ಸನ್ನಿ, ಗಾಳಿ ಸೋಕಿದೆ" ಅಂತ ಯಾರಾದರೂ ನೂಲು ಕಟ್ಟಲು ಬಂದರೆ ಕಟ್ಟಿಸಿಕೊಳ್ಳಿ ಬೇಕಾದರೆ, ಡಾಕ್ಟರ ಹತ್ತಿರ ಹೋಗುವುದು ಮಾತ್ರ ತಪ್ಪಿಸಬೇಡಿ.

ನಾನು ಹಳ್ಳಿಯಲ್ಲಿ ಕೂಲಿಗೆ ಹೋಗುತ್ತೇನೆ. ಈ 26 ವಾರ ನನಗೆಲ್ಲಿದೆ?

ನಮ್ಮ ಮನೆಕೆಲಸಕ್ಕೆ ಬರುವ ಅಕ್ಕನ ಸೊಸೆ ಇದನ್ನು ಕೇಳಿದಳು. ಸಂಬಳದ ರಜೆ ಇಲ್ಲ, ಅದು ನಿಜ, ನನ್ನ ಹತ್ತಿರ ಚಂದದ ಉತ್ತರವೂ ಇಲ್ಲ. ಇರುವುದಿಷ್ಟು: ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಚಿಕ್ಕ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳ "ಕೂಸಿನ ಮನೆ". ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇಡೀ ದಿನ ಬೇರೆಯವರ ಹತ್ತಿರ ಇದ್ದರೆ ಮಗು ನನ್ನನ್ನು ಮರೆಯುತ್ತಾ?

ಇಲ್ಲ. ಬೇರೆಯವರನ್ನೂ ಪ್ರೀತಿಸುತ್ತದೆ, ಅಷ್ಟೇ. ಪುಟ್ಟಿ ಮೊದಲು ಹೇಳಿದ್ದು "ಅಜ್ಜಿ". ನನಗೆ ಎರಡು ದಿನ ಹೊಟ್ಟೆಕಿಚ್ಚಾಯಿತು, ಮುಚ್ಚಿಡಲ್ಲ. ಸಂಜೆ ಗೇಟಿನ ಸದ್ದಾದರೆ ಕೈಯಲ್ಲಿದ್ದ ಗಿಲಕಿ ಎಸೆದು ಬಾಗಿಲಿಗೆ ಬರುತ್ತಾಳೆ. ಬ್ಯಾಗು ಕೆಳಗಿಟ್ಟು, ಕೈ ತೊಳೆದು, ಮೊದಲ ಅರ್ಧ ಗಂಟೆ ಫೋನು, ಅಡುಗೆ ಏನೂ ಇಲ್ಲದೆ ಅವಳ ಜೊತೆ ನೆಲದ ಮೇಲೆ ಕೂರುತ್ತೇನೆ. ಕುಕ್ಕರ್ ಆಮೇಲೆ ಕೂಗಲಿ.

ಪಂಪು ಯಾವಾಗ ನಿಲ್ಲಿಸಿದಿರಿ? ನಿಮ್ಮದನ್ನು ನನಗೆ ಕೊಡುತ್ತೀರಾ?

ಹದಿಮೂರು ತಿಂಗಳಿಗೆ ನಿಲ್ಲಿಸಿದೆ. ಮೊದಲು ಮಧ್ಯಾಹ್ನದ್ದು, ಎರಡು ವಾರ ಬಿಟ್ಟು ಬೆಳಗಿನದು. ಒಂದೇ ದಿನ ನಿಲ್ಲಿಸಿದರೆ ಹಾಲು ಕಟ್ಟಿಕೊಳ್ಳುತ್ತದೆ. ರಾತ್ರಿ ಮತ್ತು ಬೆಳಗಿನ ಜಾವ ಈಗಲೂ ಕುಡಿಯುತ್ತಾಳೆ.

ಪಂಪು ಕೊಡಲ್ಲ, ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸುವುದು ಒಳ್ಳೆಯದಲ್ಲ. ಕೂಲ್ ಬ್ಯಾಗು, ಐಸ್ ಪ್ಯಾಕು ಮತ್ತು ರೆಕಾರ್ಡ್ ರೂಮಿನ ಬೀಗದ ಕೈಯನ್ನು ಪರ್ಚೇಸ್ ವಿಭಾಗದ ಹುಡುಗಿಗೆ ಕೊಟ್ಟಿದ್ದೇನೆ, ಅವಳ ರಜೆ ಬರುವ ತಿಂಗಳು ಮುಗಿಯುತ್ತದೆ. ಒಳಗಿನ ಚಿಲಕ ಸ್ವಲ್ಪ ಬಿಗಿ. ಬಾಗಿಲನ್ನು ಮೇಲಕ್ಕೆತ್ತಿ ಎಳೆದರೆ ಬೀಳುತ್ತದೆ ಅಂತ ತೋರಿಸಿಕೊಟ್ಟಿದ್ದೇನೆ.